ಮೂರನೇ ಸಲ ಕೇಳಬಾರದಿತ್ತು

ದಾವಣಗೆರೆ, ಭಾನುವಾರ

ಪುಟ್ಟಿ,

ನಿನ್ನೆ ಬಸ್ ಹತ್ತುವಾಗ "ಮಾತ್ರೆ ಎಣಿಸಿ ಇಟ್ಟುಕೊಂಡೆಯಾ" ಅಂತ ಮೂರು ಸಲ ಕೇಳಿದೆ. ಮೂರನೇ ಸಲ ನಿನ್ನ ಗೆಳತಿಯರೂ ತಿರುಗಿ ನೋಡಿದರು. "ನಾನೇನು ರೋಗಿನಾ ಅಪ್ಪ?" ಅಂದು ಕಿಟಕಿ ಎಳೆದುಕೊಂಡೆ. ತಪ್ಪು ನನ್ನದೇ. ಪುಣೆ ಮುಟ್ಟಿದೆ ಅಂತ ಅಮ್ಮನಿಗೆ ಮೆಸೇಜ್ ಬಂತು, ನನಗಿಲ್ಲ. ಇರಲಿ.

ಥೈರಾಯ್ಡ್ ಆಪರೇಷನ್ ಆದ ಎರಡನೇ ದಿನ ನೀನು "ತುಟಿ ಸುತ್ತ ಜುಮ್ ಅಂತಿದೆ" ಅಂದೆ. ಕಾಫಿ ಬಿಸಿ ಇತ್ತೇನೋ ಅಂತ ನಾನು. ಆಮೇಲೆ ಬೆರಳ ತುದಿಯೂ ಅಂದೆ. ಸೂಜಿ ಚುಚ್ಚಿದ ಕೈ, ಸುಮ್ನೆ ಮಲಗು ಅಂತ ಗದರಿದೆ. ಸಂಜೆ ನರ್ಸ್ ಬಿಪಿ ನೋಡಲು ತೋಳಿಗೆ ಪಟ್ಟಿ ಕಟ್ಟಿ ಗಾಳಿ ತುಂಬಿದರು. ಸ್ವಲ್ಪ ಹೊತ್ತಿಗೆ ನಿನ್ನ ಕೈ ತಾನಾಗಿ ಸೊಟ್ಟಗಾಯಿತು. ಬೆರಳೆಲ್ಲ ಕೂಡಿ, ಮಣಿಕಟ್ಟು ಒಳಕ್ಕೆ ಬಾಗಿ, ತುತ್ತು ಹಿಡಿದ ಹಾಗೆ. ಬಿಡಿಸಲು ನಾನು ಬೆರಳು ಎಳೆದೆ, ನೀನು ಅತ್ತುಬಿಟ್ಟೆ. ಅನ್ನ ಕಲಸುವಾಗ ಈಗಲೂ ಆ ಕೈ ಕಣ್ಣಮುಂದೆ ಬರುತ್ತದೆ. ಬೆಳಿಗ್ಗೆಯೇ ಯಾರಿಗಾದರೂ ಹೇಳಿದ್ದರೆ?

30 ವರ್ಷ ಅಂಗಡಿಯಲ್ಲಿ ಕಾಳು ತೂಗಿದವನು ನಾನು. ಥೈರಾಯ್ಡ್ ಬೆನ್ನಿಗಿರುವ ಅಕ್ಕಿಕಾಳಿನಷ್ಟು 4 ಪ್ಯಾರಾಥೈರಾಯ್ಡ್ ಗ್ರಂಥಿ ಸುಮ್ಮನಾದರೆ ರಕ್ತದ ಕ್ಯಾಲ್ಸಿಯಂ ಕುಸಿಯುತ್ತದೆ, ಕೈ ಸೊಟ್ಟಗಾದದ್ದು ಅದಕ್ಕೇ ಅಂತ ಡಾಕ್ಟರು ಅಂದಾಗ ನಂಬಲೇ ಇಲ್ಲ. ನನ್ನ ತಕ್ಕಡಿಗೆ ಅದೊಂದು ತೂಕವೇ ಅಲ್ಲ.

ಉಪದೇಶ ಬೇಡ ಅಂದುಕೊಂಡೇ ಬರೆಯಲು ಕೂತೆ. ಆದರೂ ಕೇಳು. ಥೈರಾಯ್ಡ್ ಮಾತ್ರೆ ಖಾಲಿ ಹೊಟ್ಟೆಗೆ. ಕ್ಯಾಲ್ಸಿಯಂ 4 ಗಂಟೆ ಬಿಟ್ಟು, ಊಟದ ಜೊತೆ. ಒಟ್ಟಿಗೆ ನುಂಗಿದರೆ ಥೈರಾಯ್ಡ್ ಮಾತ್ರೆ ಮೈಗೆ ಹತ್ತುವುದಿಲ್ಲ. ಕ್ಯಾಲ್ಸಿಟ್ರಿಯಾಲ್, ಅಂದರೆ ಮೈ ನೇರವಾಗಿ ಬಳಸುವ ಸಿದ್ಧ ವಿಟಮಿನ್ ಡಿ, ಮುಗಿದರೆ ಮಾಮೂಲಿ ವಿಟಮಿನ್ ಡಿ ತಂದು ಸುಮ್ಮನಾಗಬೇಡ, ಅದು ಬೇರೆ ಇದು ಬೇರೆ. ಹೆದರಿ ಕ್ಯಾಲ್ಸಿಯಂ ಜಾಸ್ತಿಯೂ ನುಂಗಬೇಡ. ಪ್ಯಾರಾಥೈರಾಯ್ಡ್ ಗ್ರಂಥಿಯ ಹಾರ್ಮೋನ್ ಇಲ್ಲದೆ ಕಿಡ್ನಿ ಕ್ಯಾಲ್ಸಿಯಂ ಹಿಡಿದಿಡುವುದಿಲ್ಲ, ಮೂತ್ರದಲ್ಲಿ ಸೋರಿ ಕಲ್ಲಾಗಬಹುದು. ಅದಕ್ಕೇ ಡಾಕ್ಟರು ನಿನಗೆ ರಕ್ತದ ಕ್ಯಾಲ್ಸಿಯಂ 8.5ರ ಆಸುಪಾಸು ಸಾಕು ಅಂದದ್ದು. 10 ಆಗಲಿ ಅಂತ ದಿನಾ ಎರಡೆರಡು ಲೋಟ ರಾಗಿ ಗಂಜಿ ಕುಡಿಸಿದೆನಲ್ಲ, ಅದು ನನ್ನ ದಡ್ಡತನ.

ಕೈ ಸೆಳೆದರೆ, ಉಸಿರು ಕಟ್ಟಿದ ಹಾಗಾದರೆ ನನಗೆ ಫೋನ್ ಮಾಡುತ್ತ ಕೂರಬೇಡ. ನೇರ ಎಮರ್ಜೆನ್ಸಿಗೆ ಹೋಗು, ಪ್ಯಾರಾಥೈರಾಯ್ಡ್ ವಿಷಯ ಮೊದಲೇ ಹೇಳು.

ಹೋದ ತಿಂಗಳು "ಮೆಗ್ನೀಸಿಯಂ ಕೂಡ ನೋಡೋಣವಾ" ಅಂತ ಡಾಕ್ಟರಿಗೇ ಕೇಳಿದೆಯಲ್ಲ. ಅಂಗಡಿಗೆ ಬಂದವರಿಗೆಲ್ಲ ಹೇಳಿಕೊಂಡು ಓಡಾಡಿದ್ದೇನೆ.

ಬ್ಯಾಗಿನ ಪಕ್ಕದ ಜೇಬು ನೋಡು. ನಿನಗೆ ಗೊತ್ತಾಗದ ಹಾಗೆ ಇನ್ನೆರಡು ಸ್ಟ್ರಿಪ್ ಹಾಕಿದ್ದೇನೆ. ಬೈಯುವುದಾದರೆ ಫೋನ್ ಮಾಡಿ ಬೈ.

ಅಪ್ಪ