ಪ್ರಬಂಧ ಒಪ್ಪಿಸಿದ್ದೇನೆ, ಅತ್ತಿಗೆಗೆ ಮೊದಲ ವಂದನೆ

ಕಳೆದ ವಾರ ಸಂಶೋಧನಾ ಪ್ರಬಂಧ ಒಪ್ಪಿಸಿದೆ. ಅಮೆರಿಕದ ಅರಿಜೋನಾದಲ್ಲಿ ಗಿಲಾ ನದಿ ದಡದ ಮೂಲನಿವಾಸಿಗಳಾದ ಪಿಮಾ ಮತ್ತು ಮರಿಕೋಪಾ ಜನರ ಬಗ್ಗೆ ಸರ್ಕಾರ ಬರೆದಿಟ್ಟದ್ದನ್ನು ಅವರದೇ ನೆನಪುಗಳ ಪಕ್ಕದಲ್ಲಿಟ್ಟು ಓದುವ ಕೆಲಸವದು. ನಡುವೆ ನಾನು ಕಾಯಿಲೆ ಬಿದ್ದು ಆಸ್ಪತ್ರೆ ಸೇರಿದ್ದು ನಿಮಗೆಲ್ಲ ಗೊತ್ತು, ಬಿಡಿ.

ಮಾರ್ಗದರ್ಶಕರಿಗೆ, ರಿವರ್‌ಸೈಡ್‌ನ ರಾಷ್ಟ್ರೀಯ ಪತ್ರಾಗಾರದ ಸಿಬ್ಬಂದಿಗೆ, ಅನ್ನ ಸಾರು ಮುಟ್ಟಿಸಿದ ಕನ್ನಡದ ಮನೆಗಳಿಗೆ, ಕಾರು ಓಡಿಸಿದ ಅಣ್ಣನಿಗೆ ವಂದನೆ. ಸಮುದಾಯದ ಹಿರಿಯರು ಕೆಲವನ್ನು ಹೇಳಿದರು, ಕೆಲವನ್ನು ಬರೆಯಬಾರದೆಂದರು. ಬರೆದಿಲ್ಲ.

ಇನ್ನು ಅತ್ತಿಗೆ. ಮಳವಳ್ಳಿ ಕಡೆಯವರು, ಕಾವೇರಿ ನೀರಿನ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ಕೊನೆಯ ಭಾಗದಲ್ಲಿ ಗದ್ದೆಯಿರುವ ಮನೆಯವರು. 1849ರಲ್ಲಿ ಚಿನ್ನ ಹುಡುಕಿ ಹೊರಟವರಿಗೆ ಗೋಧಿ ಮಾರುತ್ತಿದ್ದ ಈ ಗಿಲಾ ದಡದ ರೈತರು, 1870ರ ದಶಕದಿಂದ ಮೇಲ್ಭಾಗದ ವಲಸಿಗರು ನದಿಯನ್ನು ತಿರುಗಿಸಿಕೊಂಡ ಮೇಲೆ ಹಸಿವಿಗೆ ಬಿದ್ದು ಮೆಸ್ಕೀಟ್ ಮರ ಕಡಿದು ಸೌದೆ ಮಾರಿದರೆಂದು ಹೇಳಿದೆ. ಅವರಿಗೆ ಬೇರೇನನ್ನೂ ವಿವರಿಸಬೇಕಾಗಲಿಲ್ಲ. "ನೀರು ನಿಂತುಹೋದ ವರ್ಷಗಳಲ್ಲಿ ಊರಲ್ಲಿ ಯಾರು ಯಾರು ಉಳಿದಿದ್ದರು, ಪಟ್ಟಿ ಇದೆಯೇ?" ಎಂದರು. ಆ ಪ್ರಶ್ನೆಯೇ ನನ್ನ ಮೂರನೆಯ ಅಧ್ಯಾಯ.

ಪಟ್ಟಿ ಇತ್ತು. 1884ರ ಕಾನೂನಿನಂತೆ ಮೂಲನಿವಾಸಿಗಳ ಮೇಲ್ವಿಚಾರಣೆಗಿದ್ದ ಸರ್ಕಾರಿ ಏಜೆಂಟರು ಪ್ರತಿ ವರ್ಷ ಬರೆದು ಕಳಿಸಬೇಕಿದ್ದ ಜನಗಣತಿ: ಹೆಸರು, ವಯಸ್ಸು, ಸಂಬಂಧ. ನೀರಿನ ಸುದ್ದಿಗೆ ಅಂಕಣವಿಲ್ಲ. ಪಿಮಾ ಹಿರಿಯರು ಕೋಲಿನ ಮೇಲೆ ಕೆತ್ತಿಟ್ಟ ವರ್ಷಗಳು ಎಷ್ಟೋ ಮಾತನಾಡುತ್ತವೆ. 1833ರ ನವೆಂಬರಿನ ಉಲ್ಕಾಪಾತದಿಂದ ಶುರುವಾಗುವ ಆ ಗೀರುಗಳಲ್ಲಿ ಯುದ್ಧ, ರೋಗ, ಪ್ರವಾಹ ಎಲ್ಲವೂ ಇವೆ.

ಆಸ್ಪತ್ರೆಯ ಆ ಇರುಳು ನೋವು ತಡೆಯದೆ, ಏನನ್ನಾದರೂ ಓದಿ ಎಂದೆ. ದೇವರನಾಮ ಹೇಳಬಹುದಿತ್ತು. ಅತ್ತಿಗೆ ಚೀಲದಿಂದ ಜನಗಣತಿಯ ಪ್ರತಿ ತೆಗೆದರು. ಗಂಡ, ಹೆಂಡತಿ, ಮಗ, ಮಗಳು. ಒಂದು ಮನೆಯ ಎರಡು ವರ್ಷದ ಹೆಣ್ಣುಮಗು ಮುಂದಿನ ವರ್ಷದ ಹಾಳೆಯಲ್ಲಿರಲಿಲ್ಲ. ಅವರು ಹಾಳೆ ಹಿಂದೆ ಮುಂದೆ ತಿರುವಿ, "ಬರೆಯುವವನು ಬಿಟ್ಟಿರಬಹುದು" ಎಂದರು.

"ನನ್ನ ಹೆಸರೂ ಹೀಗೆಯೇ ಬಿಟ್ಟುಹೋಗುತ್ತದೆಯೇ, ಅತ್ತಿಗೆ?" ಎಂದು ಕೇಳಿದೆ. ಸಾಯಲು ನನಗೆ ಇಷ್ಟವಿಲ್ಲವೆಂದು ಜೋರಾಗಿ ಅತ್ತೆ. ಅವರು ಸಮಾಧಾನದ ಮಾತೊಂದನ್ನೂ ಆಡಲಿಲ್ಲ. "ಮುಂದಿನ ಮನೆ ಓದುತ್ತೇನೆ, ಕೇಳು" ಎಂದವರು ಬೆಳಗಿನ ನರ್ಸ್ ಬರುವವರೆಗೂ ಓದಿದರು.

ಗುಮಾಸ್ತನ ಮೇಲೆ ಅವರಿಟ್ಟ ಆ ಅನುಮಾನ ಪ್ರಬಂಧದಲ್ಲಿ ನಿಯಮವೇ ಆಯಿತು. ಪಟ್ಟಿಯಿಂದ ಮಾಯವಾದವರನ್ನೆಲ್ಲ ಸತ್ತವರೆಂದು ನಾನು ಎಣಿಸಿಲ್ಲ. ಹಲವು ಕುಟುಂಬಗಳು ನೀರು ಹುಡುಕಿಕೊಂಡು ಉತ್ತರದ ಸಾಲ್ಟ್ ನದಿಗೆ ಹೋಗಿದ್ದವು. 1879ರಲ್ಲಿ ಅಲ್ಲಿಯೂ ಮೂಲನಿವಾಸಿಗಳಿಗೆಂದು ಮೀಸಲು ಪ್ರದೇಶವಾಯಿತು.

ಕೊನೆಯ ಅಧ್ಯಾಯ ನೀರಿನ ಹಕ್ಕು ಇತ್ಯರ್ಥಪಡಿಸಿದ 2004ರ ಕಾಯ್ದೆಗೆ ಬಂದು ನಿಲ್ಲುತ್ತದೆ. ಗಿಲಾ ನದಿ ಸಮುದಾಯಕ್ಕೆ ವರ್ಷಕ್ಕೆ 6,53,500 ಎಕರೆ-ಅಡಿ (ಒಂದೆಕರೆಯಲ್ಲಿ ಒಂದಡಿ ನಿಲ್ಲುವಷ್ಟು ನೀರು ಒಂದು ಎಕರೆ-ಅಡಿ) ನೀರು ಎಂದು ಓದಿ ಹೇಳಿದಾಗ ಅತ್ತಿಗೆ, "ಕಾಗದದಲ್ಲೋ, ನಾಲೆಯಲ್ಲೋ?" ಎಂದರು. ಪರೀಕ್ಷಕರೂ ಬಹುಶಃ ಅದನ್ನೇ ಕೇಳುತ್ತಾರೆ. ಮೊದಲ ಪ್ರತಿ ಸಮುದಾಯದ ಹಿರಿಯರಿಗೆ, ಎರಡನೆಯದು ಅತ್ತಿಗೆಗೆ. ಅಣ್ಣ ಅವರಿಂದ ಕೇಳಿ ಪಡೆದು ಓದಲಿ.