ನೀರಿನ ಸಮೀಕ್ಷೆ ಅರಳಿಕಟ್ಟೆಯಲ್ಲೇ ಮುಗಿದರೆ ಹೇಗೆ?

ಮಾನ್ಯ ಸಂಪಾದಕರೇ,

ಹೋದ ತಿಂಗಳು ನಮ್ಮೂರಿಗೆ ನೀರಿನ ಸಮೀಕ್ಷೆಗೆ ಇಬ್ಬರು ಹುಡುಗರು ಬಂದಿದ್ದರು. ಬಂದದ್ದು ಬೆಳಿಗ್ಗೆ ಹನ್ನೊಂದಕ್ಕೆ, ಅಷ್ಟು ಹೊತ್ತಿಗೆ ಅರ್ಧ ಊರು ಹೊಲದಲ್ಲಿ. ಅರಳಿಕಟ್ಟೆ ಮೇಲೆ ಕೂತಿದ್ದ ನಾಲ್ಕು ಗಂಡಸರನ್ನು ಕೇಳಿ, ಮೊಬೈಲಿನಲ್ಲಿ ಅದೇನೋ ತುಂಬಿಕೊಂಡು, ಪಕ್ಕದ ನಲ್ಲಿಯ ಫೋಟೊ ಹೊಡೆದುಕೊಂಡು ಹೊರಟರು. ಆ ನಲ್ಲಿಯಲ್ಲಿ ನೀರು ಬರುವುದು ಮೂರು ದಿನಕ್ಕೊಮ್ಮೆ, ಅದೂ ರಾತ್ರಿ ಕರೆಂಟ್ ಇದ್ದರೆ. ಫೋಟೊದಲ್ಲಿ ಇದು ಕಾಣಿಸಲ್ಲ ಅಲ್ವಾ?

ಹಳ್ಳಿಯ ಮನೆ ಮನೆಗೂ ನಲ್ಲಿ ನೀರು ಕೊಡಲು 2019ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಜಲ ಜೀವನ್ ಮಿಷನ್ ತಲೆಗೆ ದಿನಕ್ಕೆ 55 ಲೀಟರ್ ನೀರು ಅನ್ನುತ್ತದೆ. ಊರಿನ ನೀರಿನ ಯೋಜನೆಯನ್ನು ಊರವರೇ ಕೂತು ಮಾಡಬೇಕು, ನೀರು ಮತ್ತು ನೈರ್ಮಲ್ಯ ಸಮಿತಿಯಲ್ಲಿ ಅರ್ಧದಷ್ಟು ಹೆಂಗಸರಿರಬೇಕು ಅಂತ ಅದರ ಮಾರ್ಗಸೂಚಿಯಲ್ಲೇ ಇದೆ. ನಮ್ಮಲ್ಲಿ ಅಂಥ ಸಮಿತಿ ಇದೆ ಅನ್ನೋದೇ ಎಷ್ಟೋ ಜನರಿಗೆ ಗೊತ್ತಿಲ್ಲ.

ಯಾವ ಬೋರ್‌ವೆಲ್ ಮಾರ್ಚ್‌ಗೇ ಕೈ ಕೊಡುತ್ತದೆ, ಯಾವ ನೀರಲ್ಲಿ ಬೇಳೆ ಬೇಯಲ್ಲ, ಕೊನೇ ಬೀದಿಗೆ ಯಾಕೆ ನೀರು ಏರಲ್ಲ, ಇದೆಲ್ಲ ಬಿಂದಿಗೆ ಹೊರುವವರಿಗೂ ವಾಲ್ವ್ ತಿರುಗಿಸುವ ನೀರುಗಂಟಿಗೂ ಬಾಯಿಪಾಠ. ಅವರನ್ನು ಬಿಟ್ಟು ಸುಮ್ನೆ ಫಾರಂ ತುಂಬಿದರೆ ಏನು ಪ್ರಯೋಜನ? ಸಂಜೆ ಆರರ ಮೇಲೆ ಬನ್ನಿ, ಮನೆ ಮನೆಗೆ ಹೋಗಿ ಹೆಂಗಸರನ್ನು ಕೇಳಿ. ಬರೆದುಕೊಂಡದ್ದನ್ನು ಮೇಲಕ್ಕೆ ಕಳಿಸುವ ಮುಂಚೆ ಗ್ರಾಮಸಭೆಯಲ್ಲಿ ಜೋರಾಗಿ ಓದಿ. ತಪ್ಪಿದ್ದರೆ ನಮ್ಮಜ್ಜಿಯೇ ಎದ್ದು ನಿಂತು ಹೇಳುತ್ತಾರೆ, ಮೈಕೂ ಬೇಕಾಗಲ್ಲ.

– ಒಬ್ಬ ಓದುಗ