ಏರಿ ಮಣ್ಣಿನದು, ಕೋಡಿಗೆ ಮೂಟೆ ಒಡ್ಡಬೇಡಿ

ಮಾನ್ಯ ಸಂಪಾದಕರೇ,

ಮೈಸೂರು, ಮಂಡ್ಯ ಸೀಮೆಯ ಸಣ್ಣ ಕೆರೆಗಳು ಒಂದೊಂದಾಗಿ ವಿಹಾರತಾಣಗಳಾಗುತ್ತಿರುವುದು ಸಂತೋಷವೇ. ಆದರೆ 1864ರ ಕುಕ್ಕರಹಳ್ಳಿ ಕೆರೆಯಿರಲಿ, ಹಳ್ಳಿಯ ಕಟ್ಟೆಯಿರಲಿ, ನೀರು ನಿಂತಿರುವುದು ಮಣ್ಣಿನ ಏರಿಯ ಆಸರೆಯಲ್ಲಿ. ಹಿಂಗಾರು ಮಳೆಗೆ ಮುನ್ನ ಕೆಲವು ವಿಷಯ ಹೇಳಲೇಬೇಕು.

ದೋಣಿವಿಹಾರಕ್ಕೆ ನೀರು ನಿಲ್ಲಲೆಂದು, ತುಂಬಿದ ಕೆರೆಯ ಹೆಚ್ಚುವರಿ ನೀರು ಹೊರಹರಿಯುವ ಕೋಡಿಯ ಮೇಲೆ ಮರಳುಮೂಟೆ, ಹಲಗೆ ಒಡ್ಡುವುದು ಎಲ್ಲಕ್ಕಿಂತ ಅಪಾಯ. ಕೋಡಿಯ ಮೇಲೆ ಎರಡು ಅಡಿ ಎತ್ತರಕ್ಕೆ ನೀರು ಹರಿಯಲು ಜಾಗವಿದೆ ಎನ್ನಿ. ಒಂದು ಅಡಿ ಮೂಟೆ ಇಟ್ಟರೆ ಹೊರಹೋಗುವ ನೀರು ಅರ್ಧವಾಗುತ್ತದೆಂದು ಹಲವರ ಎಣಿಕೆ. ಅದು ಸುಮಾರು ಮೂರನೇ ಒಂದು ಭಾಗಕ್ಕೆ ಕುಸಿಯುತ್ತದೆ. ಉಳಿದ ನೀರು ಏರಿಯ ಮೇಲೆ ಹತ್ತುತ್ತದೆ. ನಡೆದು ನಡೆದು ನಾಲ್ಕು ಬೆರಳಷ್ಟು ತಗ್ಗಾದ ಜಾಗವಿದ್ದರೂ ಸಾಕು, ನೀರೆಲ್ಲ ಅಲ್ಲೇ ನುಗ್ಗಿ ಹಿಂಬದಿಯ ಮಣ್ಣನ್ನು ಕೊಚ್ಚುತ್ತದೆ. ಕೋಡಿಗೆ ಕಟ್ಟಿದ ಮೀನಿನ ಬಲೆ, ಸಿಕ್ಕಿಕೊಂಡ ಕಳೆ ಮಾಡುವುದೂ ಇದನ್ನೇ.

ನೆರಳಿಗೆಂದು ಏರಿಯ ಮೇಲೆ ಆಲ, ಅತ್ತಿ, ಹೊಂಗೆ ನೆಡುವುದು ಬೇಡ. ಮರ ಸತ್ತ ಮೇಲೆ ಬೇರು ಕೊಳೆತು ನೀರಿಗೆ ದಾರಿಯಾಗುತ್ತದೆ. ಏರಿಗೆ ಗರಿಕೆಯೇ ಸರಿ. ಕುರುಚಲು ಸವರಿದ್ದರೆ ಹೆಗ್ಗಣದ ಬಿಲವೂ ಕಣ್ಣಿಗೆ ಬೀಳುತ್ತದೆ. ಬಿಲಕ್ಕೆ ಕಲ್ಲು ತುರುಕಿದರೆ ಪ್ರಯೋಜನವಿಲ್ಲ. ಅಗೆದು ಬಿಡಿಸಿ, ಹಸಿ ಜೇಡಿಮಣ್ಣನ್ನು ಅರ್ಧ ಅಡಿ ಪದರವಾಗಿ ಹಾಕಿ, ಪ್ರತಿ ಪದರಕ್ಕೂ ದಮ್ಮಸು ಮಾಡಬೇಕು. ನಡಿಗೆ ಪಥದ ಇಳುಕಲು ಕೆರೆಯ ಕಡೆಗಿರಲಿ; ಹಿಂಬದಿಗಿದ್ದರೆ ಮಳೆನೀರು ಇಳಿಜಾರನ್ನು ಕೊರೆಯುತ್ತದೆ.

ಏರಿಯ ಬುಡದಲ್ಲಿ ನೀರು ಜಿನುಗುವುದು ಹೊಸದಲ್ಲ. ಗಾಜಿನ ಲೋಟದಲ್ಲಿ ಹಿಡಿದು ಕಾಲು ಗಂಟೆ ಇಡಿ. ತಳದಲ್ಲಿ ಮಣ್ಣು ಕೂತರೆ ಏರಿ ಒಳಗೊಳಗೇ ಕರಗುತ್ತಿದೆ ಎಂದರ್ಥ. ಆಗ ಜೇಡಿಮಣ್ಣು ಮೆತ್ತಿ ಬಾಯಿ ಮುಚ್ಚಲೇಬಾರದು, ನೀರು ಪಕ್ಕದಲ್ಲಿ ಒಡೆಯುತ್ತದೆ. ದಪ್ಪ ಮರಳು, ಅದರ ಮೇಲೆ ಸಣ್ಣ ಜಲ್ಲಿ, ಮೇಲೆ ದಪ್ಪ ಜಲ್ಲಿ, ತಲಾ ಅರ್ಧ ಅಡಿ ಹರಡಿದರೆ ನೀರು ಹೋಗಿ ಮಣ್ಣು ಉಳಿಯುತ್ತದೆ. ಕೂಡಲೇ ಎಂಜಿನಿಯರನ್ನು ಕರೆಸಿ, ನೀರು ಹೊರಬಿಡುವ ಬಾಗಿಲಾದ ತೂಬನ್ನು ಎತ್ತಿ ಕೆರೆ ಇಳಿಸಬೇಕು, ಅದೂ ನಿಧಾನವಾಗಿ. ಒಮ್ಮೆಗೇ ಇಳಿಸಿದರೆ ನೆನೆದ ಒಳಬದಿ ಜಾರಿ ಕುಸಿಯುತ್ತದೆ.

ತೂಬು ತುಕ್ಕು ಹಿಡಿದು ಕೂತಿದ್ದರೆ ಇದ್ಯಾವುದೂ ಆಗದು. ಪ್ರತಿ ಕೆರೆಯ ತೂಬನ್ನೂ ಸೆಪ್ಟೆಂಬರ್‌ನಲ್ಲಿ ಒಮ್ಮೆ ಎತ್ತಿ ಇಳಿಸಿ ನೋಡಲಿ. ಕೋಡಿಯ ಮೂಟೆಗಳನ್ನು ಅದೇ ದಿನ ತೆಗೆಸಲಿ. ತೂಬಿನ ಕೀಲಿ ದೋಣಿ ಗುತ್ತಿಗೆದಾರರ ಬಳಿ ಬೇಡ, ಕೆರೆಯ ನೀರು ಬಿಡುವ, ರಾತ್ರಿಯೂ ಕೈಗೆ ಸಿಗುವ ನೀರುಗಂಟಿಯ ಬಳಿ ಇರಲಿ.

– ನಿವೃತ್ತ ನೀರಾವರಿ ಎಂಜಿನಿಯರುಗಳು, ಮೈಸೂರು